ನಾರ್ವೆಯ ನುಡಿಯಲ್ಲಿ ಸಮಾಸವೂ ಪದಚ್ಛೇದವೂ

ನಾಡಿನ ಚರಿತ್ರೆಯನ್ನು ಅದರ ಕದನಗಳಿಂದಲೂ ಕೌಲುಕರಾರುಗಳಿಂದಲೂ ಅರಿಯುವುದು ವಾಡಿಕೆ. ಅದರ ಪದಗಳಿಂದಲೂ ಅರಿಯಬಹುದೆಂಬುದಕ್ಕೆ ನಾರ್ವೆ ದೇಶವು ಒಳ್ಳೆಯ ನಿದರ್ಶನವಾಗಿದೆ.

ನಾನೂರು ವರ್ಷಗಳಿಗೂ ಮಿಗಿಲಾಗಿ ಆ ದೇಶವು ಡೆನ್ಮಾರ್ಕಿನೊಡನೆ ಒಂದೇ ಸಿಂಹಾಸನಕ್ಕೆ ಒಳಪಟ್ಟಿದ್ದಿತು. ಆ ಅವಧಿಯಲ್ಲಿ ಪ್ರಾಚೀನ ನಾರ್ಸ್ ಬರಹಭಾಷೆಯು ಅಳಿದು, ಆಸ್ಥಾನದಲ್ಲಿಯೂ ದೇವಾಲಯದಲ್ಲಿಯೂ ಡೇನಿಷ್ ಭಾಷೆಯೇ ನೆಲೆಗೊಂಡಿತು. 1814ರಲ್ಲಿ ಡೆನ್ಮಾರ್ಕಿನ ಸಂಬಂಧವು ಕಡಿದುಹೋಯಿತು. ಸ್ವೀಡನ್ನಿನೊಡನೆ ಏರ್ಪಟ್ಟ ಕೂಟವು 1905ರವರೆಗೆ ನಡೆಯಿತು. ರಾಜ್ಯಾಂಗವೇನೋ ದೊರೆಯಿತು, ಬರೆಯುವ ನುಡಿ ಮಾತ್ರ ನೆರೆಯವರದಾಗಿಯೇ ಉಳಿಯಿತು.

ಈ ಕೊರತೆಯನ್ನು ನೀಗಲು ಇಬ್ಬರು ಎರಡು ದಾರಿಗಳನ್ನು ಹಿಡಿದರು. ಒಕ್ಕಲಿನ ಮನೆಯಲ್ಲಿ ಹುಟ್ಟಿದ ಈವಾರ್ ಓಸೆನ್ (1813-1896) 1842ರಲ್ಲಿ ಹೊರಟು ಹಲವು ವರ್ಷ ಹಳ್ಳಿಗಳಲ್ಲಿ ಸಂಚರಿಸಿ, ಜನರ ಬಾಯಿಮಾತನ್ನು ಸಂಗ್ರಹಿಸಿ, 1848ರಲ್ಲಿ ವ್ಯಾಕರಣವನ್ನೂ 1850ರಲ್ಲಿ ನಿಘಂಟನ್ನೂ ಪ್ರಕಟಿಸಿದನು. ಉಪಾಧ್ಯಾಯನಾದ ಕ್ನೂಡ್ ಕ್ನೂಡ್ಸೆನ್ (1812-1895) ಡೇನಿಷ್ ಬರಹವನ್ನೇ ಮೆಲ್ಲಮೆಲ್ಲನೆ ನಾರ್ವೆಯ ಉಚ್ಚಾರಣೆಗೆ ಹೊಂದಿಸಲು ಯತ್ನಿಸಿದನು. ಪರಭಾಷಾಪದಗಳಿಗೆ ಬದಲಾಗಿ ದೇಶ್ಯ ಸಮಾಸಗಳನ್ನು ಬಳಸಬೇಕೆಂಬುದು ಆತನ ಆಗ್ರಹ. 'ಓರ್ಡ್' ಎಂದರೆ ಮಾತು, 'ಶಿಫ್ಟೆ' ಎಂದರೆ ವಿನಿಮಯ. ಎರಡೂ ಕೂಡಿ 'ಓರ್ಡ್‌ಶಿಫ್ಟೆ', ಎಂದರೆ ವಾದವಿವಾದ. ಇಂತಹ ಪದಗಳನ್ನು ಹಳ್ಳಿಯವನೂ ಅರಿಯಬಲ್ಲನು.

ಸಮಾಸದ ಕ್ರಮವನ್ನು ನೋಡೋಣ. ನಮ್ಮ ತತ್ಪುರುಷದಲ್ಲಿರುವಂತೆ ಅಲ್ಲಿಯೂ ಉತ್ತರಪದವೇ ಪ್ರಧಾನ. 'ಬಾರ್ನ್' (ಮಗು) ನಪುಂಸಕ, 'ಹಾಗೆ' (ತೋಟ) ಪುಲ್ಲಿಂಗ. ಶಿಶುವಿಹಾರವನ್ನು ಸೂಚಿಸುವ 'ಬಾರ್ನೆಹಾಗೆ' ಪುಲ್ಲಿಂಗವೇ ಆಗುತ್ತದೆ. ನಡುವೆ ಬಂದ ಎಕಾರವು ಬೆಸುಗೆಯ ಅಕ್ಷರ. ಹಲವೆಡೆ ಈ ಬೆಸುಗೆಯನ್ನು ಸಕಾರವು ಮಾಡುತ್ತದೆ. ಅದು ಹಳೆಯ ಷಷ್ಠೀಪ್ರತ್ಯಯದ ಉಳಿಕೆ. ಓಸೆನ್ ತನ್ನ ನುಡಿಗೆ ಇಟ್ಟ 'ಲಂಡ್ಸ್‌ಮೋಲ್' (ನಾಡಿನ ನುಡಿ) ಎಂಬ ಹೆಸರಿನಲ್ಲಿಯೇ ಅದನ್ನು ಕಾಣಬಹುದು. ಸಕಾರದ ಉಪಯೋಗ ಇಷ್ಟಕ್ಕೆ ಮುಗಿಯದು. ದ್ರಾಕ್ಷಾರಸದ ಬಟ್ಟಲು 'ವೀನ್‌ಗ್ಲಾಸ್'. ಕೆಂಪು ದ್ರಾಕ್ಷಾರಸದ ಬಟ್ಟಲು 'ರೋಡ್‌ವೀನ್ಸ್‌ಗ್ಲಾಸ್'. ಕೆಂಪಾದುದು ರಸವೇ ಹೊರತು ಬಟ್ಟಲಲ್ಲವೆಂದು ನಡುವಿನ ಸಕಾರವು ಸಾರುತ್ತದೆ.

ಇನ್ನು ಪದಚ್ಛೇದ. ಸಾಲಿನ ಕೊನೆಯಲ್ಲಿ ಪದವನ್ನು ಮುರಿಯಬೇಕಾದಾಗ, ಸರಳಪದದಲ್ಲಿ ಕೊನೆಯ ವ್ಯಂಜನವೊಂದನ್ನು ಮುಂದಿನ ಸಾಲಿಗೆ ಒಯ್ಯುವುದುಂಟು: 'ಕಸ್-ಟೆ' (ಎಸೆ). ಸಮಾಸದಲ್ಲಾದರೋ ಪದಗಳು ಕೂಡಿದ ಕೀಲಿನಲ್ಲಿಯೇ ಮುರಿಯುವುದು ಉಚಿತ. ಮನೆಯೊಡೆಯನು 'ಹೂಸ್-ಐಯೆರ್', 'ಹೂ-ಸೈಯೆರ್' ಎಂದು ಮುರಿದರೆ ಮನೆಯೂ ಇಲ್ಲ, ಒಡೆಯನೂ ಇಲ್ಲ! ಬೆಸುಗೆಯ ಸಕಾರವು ಪೂರ್ವಪದದೊಡನೆಯೇ ನಿಲ್ಲುತ್ತದೆ. ಇನ್ನೊಂದು ವಿನೋದವುಂಟು. 'ನಟ್ಟ್' (ರಾತ್ರಿ), 'ಟೋಗ್' (ರೈಲು) ಸೇರಿದಾಗ ಮೂರು ಟಕಾರಗಳು ಬರಬೇಕು. ಬರಹದಲ್ಲಿ ಒಂದನ್ನು ಬಿಟ್ಟು 'ನಟ್ಟೋಗ್' ಎನ್ನುವರು. ಸಾಲಿನ ಕೊನೆಯಲ್ಲಿ ಮುರಿದಾಗ ಕಳೆದ ಟಕಾರವು ಮರಳಿ ಬಂದು 'ನಟ್ಟ್-ಟೋಗ್' ಆಗುತ್ತದೆ.

ಒಂದಾಗಿ ಬರೆಯಬೇಕಾದುದನ್ನು ಬಿಡಿಸಿ ಬರೆದರೆ ಅನರ್ಥವೂ ಆಗಬಹುದು. 'ರೊಯ್ಕ್‌ಫ್ರಿಟ್' ಎಂದರೆ ಧೂಮಪಾನವಿಲ್ಲದ ಸ್ಥಳ. ನಡುವೆ ಎಡೆಬಿಟ್ಟರೆ 'ಯಥೇಚ್ಛವಾಗಿ ಧೂಮಪಾನ ಮಾಡಿರಿ' ಎಂಬ ಅರ್ಥ ಹೊರಡುತ್ತದೆ! ಮಾತಿನಲ್ಲಿ ಈ ತೊಡಕಿಲ್ಲ. ಸಮಾಸದ ಮೊದಲ ಪದದ ಮೇಲೆ ಬೀಳುವ ಒತ್ತು ಅದನ್ನು ಒಂದೇ ಪದವೆಂದು ತಿಳಿಸುತ್ತದೆ. ಕಿವಿಯು ಅರಿತ ಐಕ್ಯವನ್ನು ಲೇಖನಿಯು ಕಾಪಾಡಬೇಕು.

1885ರಲ್ಲಿ ಅಲ್ಲಿಯ ಶಾಸನಸಭೆಯು ಓಸೆನ್ನನ ನುಡಿಗೆ ಸಮಾನಪದವಿಯನ್ನು ನೀಡಿತು. 1929ರಲ್ಲಿ ಎರಡು ಬರಹಭಾಷೆಗಳಿಗೂ 'ಬೂಕ್‌ಮೋಲ್' (ಪುಸ್ತಕದ ನುಡಿ), 'ನೀನೊರ್ಸ್ಕ್' (ಹೊಸ ನಾರ್ವೆನುಡಿ) ಎಂಬ ಹೆಸರುಗಳಾದುವು. ಇಂದಿಗೂ ಎರಡೂ ಊರ್ಜಿತದಲ್ಲಿವೆ. ನುಡಿಗಾಗಿ ಹೋರಾಡಿದ ಎರಡು ಪಕ್ಷಗಳ ಹೆಸರುಗಳೂ ಸಮಾಸಗಳೇ ಆಗಿರುವುದು ಗಮನಾರ್ಹ.

ಮುಂದೆ ದೂರದರ್ಶನವು ಬಂದಾಗ ಅವರು 'ಫ್ಯೆರ್ನ್' (ದೂರ), 'ಸೀನ್' (ನೋಟ) ಎಂಬ ತಮ್ಮ ಪದಗಳನ್ನೇ ಕೂಡಿಸಿ 'ಫ್ಯೆರ್ನ್‌ಸೀನ್' ಎಂದರು. ನಾವು ಸಂಸ್ಕೃತದಿಂದ ಕಟ್ಟಿದ ಹೆಸರೂ ಅದೇ ಅಚ್ಚಿನದು. ಎರವಿನ ಬರಹದಲ್ಲಿ ಶತಮಾನಗಳನ್ನು ಕಳೆದ ಸಣ್ಣ ಜನಾಂಗವೊಂದು ತನ್ನ ಮನೆಯ ಮಾತುಗಳನ್ನೇ ಜೋಡಿಸಿ ಹೊಸ ಕಾಲವನ್ನು ಹೆಸರಿಟ್ಟು ಕರೆಯಿತು. ಜೋಡಿಸುವ ಕೀಲನ್ನು ಅರಿತವರು ನುಡಿಯನ್ನು ಬೆಳೆಸಬಲ್ಲರೆಂಬುದೇ ಈ ಚರಿತ್ರೆಯ ಸಾರ.