ಹಳೆಯ ಗೇರ್ ಸೈಕಲ್: ಸದ್ದಿನ ಮೂಲ, ಬಿಡಿಭಾಗಗಳ ಹೊಂದಾಣಿಕೆ

ಪೀಣ್ಯದ ಕಾರ್ಖಾನೆಗಳಿಗೆ, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಗೆ ಸೈಕಲ್‌ನಲ್ಲಿ ಹೋಗಿಬರುವವರ ಪೈಕಿ ಕೆಲವರು ಮನೆಯ ಮೂಲೆ ಸೇರಿದ್ದ ಹಳೆಯ ಗೇರ್ ಸೈಕಲ್‌ಗಳಿಗೆ ಮರುಜೀವ ನೀಡಲು ಬಯಸುತ್ತಾರೆ. 1980ರ ದಶಕದ ಉಕ್ಕಿನ ಚೌಕಟ್ಟು ತುಕ್ಕು ತಿನ್ನದಿದ್ದರೆ ಇಂದಿಗೂ ಗಟ್ಟಿ. ಆದರೆ ತುಳಿದರೆ ಕಟಕಟ ಸದ್ದು. ಗೇರ್ ಬದಲಿಸಿದರೆ ಚೈನ್ ಜಾರುತ್ತದೆ. ಇದಕ್ಕೆ ಸಾಮಾನು ಸಿಗದು, ಎಲ್ಲವನ್ನೂ ಬದಲಿಸಿ ಎಂಬ ಸಲಹೆ ಕೇಳಿ ಅನೇಕರು ಸೈಕಲ್ಲನ್ನು ಗುಜರಿಗೆ ಹಾಕುವುದುಂಟು. ಸದ್ದಿನ ಮೂಲವನ್ನು ಪತ್ತೆಮಾಡಿ, ನಾಲ್ಕಾರು ಅಳತೆಗಳನ್ನು ತಿಳಿದುಕೊಂಡರೆ ಬಹಳಷ್ಟು ಸೈಕಲ್‌ಗಳನ್ನು ಉಳಿಸಿಕೊಳ್ಳಬಹುದು.

ಸದ್ದು ಎಲ್ಲಿಂದ?

ಸದ್ದು ಎಷ್ಟು ಸುತ್ತಿಗೊಮ್ಮೆ ಬರುತ್ತದೆ ಎಂಬುದೇ ಮೊದಲ ಸುಳಿವು.

* ಪೆಡಲ್‌ನ ಪ್ರತಿ ಸುತ್ತಿಗೂ ಒಮ್ಮೆ ‘ಟಕ್’ ಎಂದರೆ ಪೆಡಲ್, ಕ್ರ್ಯಾಂಕ್ ಅಥವಾ ಬಾಟಮ್ ಬ್ರಾಕೆಟ್ ಸಡಿಲವಾಗಿರಬಹುದು. ಹಳೆಯ ಉಕ್ಕಿನ ಕ್ರ್ಯಾಂಕ್‌ಗಳಲ್ಲಿ ಕಾಟರ್ ಪಿನ್ ಸವೆದಿರುವುದು ಸಾಮಾನ್ಯ.
* ಎರಡು–ಮೂರು ಸುತ್ತಿಗೊಮ್ಮೆ ಬಂದರೆ ಚೈನ್‌ನ ಯಾವುದೋ ಒಂದು ಕೊಂಡಿ ಬಿಗಿದುಕೊಂಡಿರುತ್ತದೆ.
* ಕೀಚಲು ಸದ್ದಾದರೆ ಹಿಂದಿನ ಡಿರೇಲರ್‌ನ ಎರಡು ಪುಟ್ಟ ಗಾಲಿಗಳು ಒಣಗಿರಬಹುದು.
* ಕೆಲವು ಗೇರ್‌ಗಳಲ್ಲಿ ಮಾತ್ರ ಉಜ್ಜುವ ಸದ್ದು ಬಂದರೆ ಚೈನ್ ಮುಂದಿನ ಡಿರೇಲರ್‌ಗೆ ತಾಗುತ್ತಿದೆ.
* ತುಳಿಯುವುದನ್ನು ನಿಲ್ಲಿಸಿದಾಗ ಕೇಳುವ ಹಗುರವಾದ ‘ಟಿಕ್ ಟಿಕ್’ ಫ್ರೀವೀಲ್‌ನ ಸಹಜ ಸದ್ದು. ಕರಕರ ಎಂದರೆ ಮಾತ್ರ ಬೇರಿಂಗ್ ಪರೀಕ್ಷಿಸಬೇಕು.

ಚೈನ್ ಅಳೆಯುವ ಬಗೆ

ಚೈನ್‌ನ ಒಂದು ಪಿನ್‌ನಿಂದ ಮುಂದಿನ ಪಿನ್‌ಗೆ ಅರ್ಧ ಅಂಗುಲ. ಹೊಸ ಚೈನ್‌ನಲ್ಲಿ 24 ಕೊಂಡಿಗಳು ಸರಿಯಾಗಿ 12 ಅಂಗುಲ ಇರುತ್ತವೆ. ಈ ಉದ್ದ 1/16 ಅಂಗುಲ ಹೆಚ್ಚಾಗಿದ್ದರೆ ಚೈನ್ ಬದಲಿಸಬೇಕು. 1/8 ಅಂಗುಲ ಹೆಚ್ಚಾಗಿದ್ದರೆ ಫ್ರೀವೀಲ್‌ನ ಹಲ್ಲುಗಳೂ ಸವೆದಿರುವ ಸಾಧ್ಯತೆ ಹೆಚ್ಚು. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಜಾರುತ್ತದೆ.

ಹೊರವಲಯದ ರಸ್ತೆಗಳ ಧೂಳು ಮಳೆನೀರಿನೊಡನೆ ಬೆರೆತರೆ ಚೈನ್‌ಗೆ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಕೊಳೆಯ ಮೇಲೆಯೇ ಎಣ್ಣೆ ಸುರಿಯಬಾರದು. ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ, ಪ್ರತಿ ರೋಲರ್‌ಗೆ ಒಂದು ಹನಿ ಬಿಟ್ಟು, ಮಿಕ್ಕ ಎಣ್ಣೆಯನ್ನು ಬಟ್ಟೆಯಿಂದ ಒರೆಸಬೇಕು. ಬ್ರೇಕ್ ತಾಗುವ ರಿಮ್‌ಗೆ ಎಣ್ಣೆ ಸೋಕದಂತೆ ಎಚ್ಚರ ವಹಿಸಬೇಕು.

ಯಾವ ಭಾಗ ಯಾವುದಕ್ಕೆ?

ಚೈನ್: ಗೇರ್ ಇಲ್ಲದ ಸಾಮಾನ್ಯ ಸೈಕಲ್‌ನ ಚೈನ್ ಒಳ ಅಗಲ 1/8 ಅಂಗುಲ, ಗೇರ್ ಸೈಕಲ್‌ನದು 3/32 ಅಂಗುಲ. ಹಿಂದೆ 5ರಿಂದ 8 ಗೇರ್ ಇರುವ ಸೈಕಲ್‌ಗಳಿಗೆ ಈಗ ದೊರೆಯುವ 8 ಗೇರ್‌ನ ಚೈನ್ ಸಾಮಾನ್ಯವಾಗಿ ಹೊಂದುತ್ತದೆ.

ಫ್ರೀವೀಲ್: ಹಬ್‌ನ ಮರೆ ಹೆಚ್ಚಾಗಿ 1.37 ಅಂಗುಲ ವ್ಯಾಸ, ಅಂಗುಲಕ್ಕೆ 24 ಸುತ್ತು. ಹಳೆಯ ಫ್ರೆಂಚ್ ಹಬ್‌ಗಳ ವ್ಯಾಸ 34.7 ಮಿ.ಮೀ. ಒಂದರ ಮೇಲೆ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಹಬ್ ಹಾಳಾಗುತ್ತದೆ.

ಹಿಂಚಕ್ರದ ಜಾಗ: ರೋಡ್ ಸೈಕಲ್‌ಗಳಲ್ಲಿ 5 ಗೇರ್‌ಗೆ 120, 6–7 ಗೇರ್‌ಗೆ 126, ಅನಂತರದವಕ್ಕೆ 130 ಮಿ.ಮೀ. ಸಾಮಾನ್ಯ ಅಳತೆ. ಉಕ್ಕಿನ ಚೌಕಟ್ಟನ್ನು ಅನುಭವಿ ಕೆಲಸಗಾರರು 126ರಿಂದ 130ಕ್ಕೆ ಹಿಗ್ಗಿಸಬಲ್ಲರು. ಅಲ್ಯುಮಿನಿಯಂ ಚೌಕಟ್ಟಿನಲ್ಲಿ ಈ ಪ್ರಯತ್ನ ಕೂಡದು.

ಡಿರೇಲರ್: ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಮೊದಲನೆಯದು, ಅದು ಎಷ್ಟು ಚೈನ್ ಸಡಿಲವನ್ನು ಎಳೆದುಕೊಳ್ಳಬಲ್ಲದು? ಮುಂದೆ 52 ಮತ್ತು 42, ಹಿಂದೆ 14ರಿಂದ 28 ಹಲ್ಲುಗಳಿದ್ದರೆ 10 + 14 = 24; ಕನಿಷ್ಠ ಅಷ್ಟು ಸಾಮರ್ಥ್ಯವಿರಬೇಕು. ಹಿಂದಿನ ಅತಿ ದೊಡ್ಡ ಗೇರ್‌ಗೆ ಅದು ತಾಗಬಾರದು ಎಂಬುದೂ ಮುಖ್ಯ.

ಎರಡನೆಯದು, ಗೇರ್ ಲಿವರ್ ಯಾವ ಬಗೆಯದು? ಶಿಮಾನೋ ಸಂಸ್ಥೆ 1984ರಲ್ಲಿ ಡ್ಯೂರಾ-ಏಸ್ ಶ್ರೇಣಿಯಲ್ಲಿ ‘ಕ್ಲಿಕ್’ ಆಗಿ ನಿಲ್ಲುವ ಇಂಡೆಕ್ಸ್ ವ್ಯವಸ್ಥೆಯನ್ನು ತಂದಿತು. ಈ ಬಗೆಯಲ್ಲಿ ಲಿವರ್, ಡಿರೇಲರ್, ಹಿಂದಿನ ಗೇರ್‌ಗಳ ನಡುವಣ ಅಂತರ ಮೂರೂ ಒಂದಕ್ಕೊಂದು ಹೊಂದಲೇಬೇಕು. ಅದಕ್ಕೂ ಹಿಂದಿನ ಫ್ರಿಕ್ಷನ್ ಲಿವರ್‌ಗೆ ಈ ಕಟ್ಟುಪಾಡಿಲ್ಲ. ಸವಾರರೇ ಕಿವಿಗೊಟ್ಟು ಜಾಗ ಹೊಂದಿಸಿಕೊಳ್ಳುತ್ತಾರೆ. ಹಳೆಯ ಸೈಕಲ್‌ಗೆ ಹೊಸ ಡಿರೇಲರ್ ಕೂರಿಸುವಾಗ ಹಳೆಯ ಫ್ರಿಕ್ಷನ್ ಲಿವರನ್ನೇ ಉಳಿಸಿಕೊಳ್ಳುವುದು ಅತ್ಯಂತ ಸುಲಭ, ಅಗ್ಗದ ಮಾರ್ಗ.

ಚೌಕಟ್ಟಿನಲ್ಲಿ ಡಿರೇಲರ್ ಕೂರುವ ಕಿವಿ ಇಲ್ಲದಿದ್ದರೆ ಹಿಂಚಕ್ರದ ಆ್ಯಕ್ಸಲ್‌ಗೆ ಬಿಗಿಯುವ ಪ್ರತ್ಯೇಕ ಪಟ್ಟಿ ಬಳಸಬಹುದು. ಕಿವಿ ಬಾಗಿದ್ದರೆ ಮೊದಲು ಅದನ್ನು ನೇರ ಮಾಡಬೇಕು; ಇಲ್ಲವಾದರೆ ಎಷ್ಟು ಸ್ಕ್ರೂ ತಿರುಗಿಸಿದರೂ ಗೇರ್ ಸರಿಯಾಗದು.

ಕೊನೆಯದಾಗಿ

ಸಿದ್ಧ ವಾಷರ್, ಸ್ಪೇಸರ್ ದೊರೆಯದಿದ್ದರೆ ಅಳತೆ ಕೊಟ್ಟು ಲೇಥ್‌ನಲ್ಲಿ ಮಾಡಿಸಿಕೊಳ್ಳಬಹುದು. ಪೀಣ್ಯದಲ್ಲಿ ಅಂತಹ ಕಾರ್ಯಾಗಾರಗಳಿಗೆ ಕೊರತೆಯಿಲ್ಲ. ಆದರೆ ಚೌಕಟ್ಟು, ಫೋರ್ಕ್ ಅಥವಾ ಕ್ರ್ಯಾಂಕ್‌ನಲ್ಲಿ ಬಿರುಕು ಕಂಡರೆ ತೇಪೆಯ ಮಾತು ಬೇಡ. ಲಾರಿ, ಬಸ್ಸುಗಳ ನಡುವೆ ಸಾಗುವ ಸೈಕಲ್ ಅದು. ತುಳಿಯುವಾಗ ಕ್ರ್ಯಾಂಕ್ ಮುರಿದರೆ ಸವಾರರ ಪ್ರಾಣಕ್ಕೇ ಅಪಾಯ.