ಟ್ರಾಕ್ಟರಿಗೆ ತಕ್ಕ ಟ್ರೇಲರ್: ಭಾರದ ಮಿತಿ ಹಾಗೂ ನೋಂದಣಿ ಕುರಿತು ಮಾಹಿತಿ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಗೋವಿನಜೋಳ, ಭತ್ತ, ಹತ್ತಿ ಹಾಗೂ ಕಬ್ಬಿನ ಸಾಗಣೆಗೆ ರೈತರು ಟ್ರಾಕ್ಟರ್-ಟ್ರೇಲರ್‌ಗಳನ್ನು ಅವಲಂಬಿಸಿರುತ್ತಾರೆ. ಹೊಸ ಟ್ರೇಲರ್ ಖರೀದಿಸುವ ಮುನ್ನ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಅವಶ್ಯಕವಾಗಿದೆ.

1. ಎಳೆಯುವ ಸಾಮರ್ಥ್ಯ ಎಂದರೇನು?

ಟ್ರಾಕ್ಟರಿನ ಅಶ್ವಶಕ್ತಿಯಾಗಲಿ, ಹೈಡ್ರಾಲಿಕ್ ಎತ್ತುವ ಸಾಮರ್ಥ್ಯವಾಗಲಿ ಟ್ರೇಲರ್ ಎಳೆಯುವ ಮಿತಿಯಲ್ಲ. ಹೈಡ್ರಾಲಿಕ್ ಸಾಮರ್ಥ್ಯವು ನೇಗಿಲು, ಕಲ್ಟಿವೇಟರ್ ಮುಂತಾದ ಉಪಕರಣಗಳನ್ನು ಎತ್ತುವುದಕ್ಕೆ ಸಂಬಂಧಿಸಿದ್ದು. ಎಳೆಯಬಹುದಾದ ಟ್ರೇಲರಿನ ಒಟ್ಟು ತೂಕವನ್ನು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು. ಸಮತಟ್ಟಾದ ರಸ್ತೆಯಲ್ಲಿ ಟ್ರಾಕ್ಟರ್ ಎಳೆಯಬಲ್ಲ ಭಾರವನ್ನೆಲ್ಲ ಇಳಿಜಾರಿನಲ್ಲಿ ನಿಲ್ಲಿಸಲಾರದು. ಬ್ರೇಕ್ ಇಲ್ಲದ ಟ್ರೇಲರ್ ಹಿಂದಿನಿಂದ ಟ್ರಾಕ್ಟರನ್ನು ದೂಡುವುದರಿಂದ ವಾಹನ ಮಗುಚುವ ಸಂಭವವಿರುತ್ತದೆ.

2. ಲೆಕ್ಕ ಮಾಡುವ ವಿಧಾನ

ನೋಂದಣಿ ಪತ್ರದಲ್ಲಿ ಟ್ರೇಲರಿನ ಖಾಲಿ ತೂಕ ಹಾಗೂ ಭಾರಸಹಿತ ತೂಕ ನಮೂದಾಗಿರುತ್ತವೆ. ಇವೆರಡರ ವ್ಯತ್ಯಾಸವೇ ಹೇರಬಹುದಾದ ಸರಕಿನ ಮಿತಿ.

ಉದಾಹರಣೆ: ಭಾರಸಹಿತ ತೂಕ 5,000 ಕಿ.ಗ್ರಾಂ., ಖಾಲಿ ತೂಕ 1,500 ಕಿ.ಗ್ರಾಂ. ಇದ್ದಲ್ಲಿ ಹೇರಬಹುದಾದ ಸರಕು 3,500 ಕಿ.ಗ್ರಾಂ., ಅಂದರೆ 50 ಕಿ.ಗ್ರಾಂ.ನ 70 ಚೀಲ. ಆದರೆ ಟ್ರಾಕ್ಟರಿನ ಎಳೆಯುವ ಮಿತಿ 4,000 ಕಿ.ಗ್ರಾಂ. ಮಾತ್ರ ಇದ್ದರೆ 50 ಚೀಲಗಳಿಗಿಂತ ಹೆಚ್ಚು ಹೇರಬಾರದು. ಎರಡು ಮಿತಿಗಳಲ್ಲಿ ಕಡಿಮೆ ಇರುವುದನ್ನೇ ಪಾಲಿಸತಕ್ಕದ್ದು.

3. ಭಾರದ ಹಂಚಿಕೆ

ಎರಡು ಚಕ್ರದ ಟ್ರೇಲರಿನಲ್ಲಿ ಭಾರದ ಒಂದು ಪಾಲು ಕೊಂಡಿಯ ಮೇಲೆ ಬೀಳುತ್ತದೆ. ಸರಕನ್ನು ಅತಿಯಾಗಿ ಮುಂದಕ್ಕೆ ಹೇರಿದರೆ ಟ್ರಾಕ್ಟರಿನ ಮುಂಗಾಲಿಗಳು ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಅತಿಯಾಗಿ ಹಿಂದಕ್ಕೆ ಹೇರಿದರೆ ಹಿಂಗಾಲಿಗಳ ಹಿಡಿತ ಕಡಿಮೆಯಾಗುತ್ತದೆ. ಕೊಂಡಿಯನ್ನು ತಯಾರಕರು ಸೂಚಿಸಿದ ಸ್ಥಾನಕ್ಕಿಂತ ಎತ್ತರದಲ್ಲಿ ಜೋಡಿಸಬಾರದು.

4. ನೋಂದಣಿ

ಟ್ರೇಲರಿಗೆ ಪ್ರತ್ಯೇಕ ನೋಂದಣಿ ಕಡ್ಡಾಯ. ನಮೂನೆ 20ರಲ್ಲಿ ಅರ್ಜಿ, ನಮೂನೆ 21ರಲ್ಲಿ ಮಾರಾಟ ಪ್ರಮಾಣಪತ್ರ, ನಮೂನೆ 22ರಲ್ಲಿ ತಯಾರಕರ ಪ್ರಮಾಣಪತ್ರ, ವಿಮಾ ಪತ್ರ ಹಾಗೂ ವಿಳಾಸದ ದಾಖಲೆಯನ್ನು ತಮ್ಮ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು. ಮೋಟಾರು ವಾಹನ ಕಾಯ್ದೆ, 1988ರ ಕಲಂ 61ರಂತೆ ಟ್ರೇಲರಿನ ಸಂಖ್ಯೆಯನ್ನು ಅದರ ಪಕ್ಕದಲ್ಲಿ ಪ್ರದರ್ಶಿಸುವುದಲ್ಲದೆ, ಎಳೆಯುವ ಟ್ರಾಕ್ಟರಿನ ಸಂಖ್ಯೆಯನ್ನೂ ಟ್ರೇಲರಿನ ಮೇಲೆ ಪ್ರದರ್ಶಿಸಬೇಕು. ನೋಂದಣಿಯ ನಂತರ ಅನುಮತಿ ಇಲ್ಲದೆ ಟ್ರೇಲರಿನ ರಚನೆಯನ್ನು ಮಾರ್ಪಡಿಸುವುದು ಕಲಂ 52ರ ಉಲ್ಲಂಘನೆಯಾಗುತ್ತದೆ.

5. ದಂಡ

ನೋಂದಣಿ ಪತ್ರದಲ್ಲಿನ ಮಿತಿ ಮೀರಿ ಭಾರ ಹೇರುವುದನ್ನು ಕಲಂ 113 ನಿಷೇಧಿಸುತ್ತದೆ. 2019ರ ತಿದ್ದುಪಡಿಯಂತೆ ಕಲಂ 194ರ ಅಡಿಯಲ್ಲಿ ರೂ. 20,000 ದಂಡ ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ ರೂ. 2,000 ವಿಧಿಸಲು ಅವಕಾಶವಿದೆ. ಹೆಚ್ಚುವರಿ ಭಾರ ಇಳಿಸುವವರೆಗೆ ವಾಹನ ಮುಂದುವರಿಯುವಂತಿಲ್ಲ.

6. ವಿಶೇಷ ಸೂಚನೆ

ಟ್ರೇಲರಿನಲ್ಲಿ ಕೂಲಿಕಾರ್ಮಿಕರನ್ನಾಗಲಿ, ಜಾತ್ರೆ-ಮದುವೆಗಳಿಗೆ ಜನರನ್ನಾಗಲಿ ಸಾಗಿಸಬಾರದು. ಅಪಘಾತವಾದಲ್ಲಿ ವಿಮಾ ಪರಿಹಾರಕ್ಕೆ ತೊಡಕುಂಟಾಗಿ, ಹೊಣೆಯು ಮಾಲೀಕರ ಮೇಲೆಯೇ ಬೀಳಬಹುದು. ಟ್ರಾಕ್ಟರಿನ ಪಾಲಿಸಿಯಲ್ಲಿ ಟ್ರೇಲರ್ ಸೇರಿದೆಯೇ ಎಂಬುದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳುವುದು. ಶಿಗ್ಗಾಂವ ಮಾರ್ಗವಾಗಿ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ವೇಗದ ವಾಹನಗಳು ಸಂಚರಿಸುವುದರಿಂದ, ರಾತ್ರಿ ವೇಳೆ ಹಿಂಬದಿಯ ದೀಪ ಮತ್ತು ಕೆಂಪು ಪ್ರತಿಫಲಕಗಳಿಲ್ಲದೆ ಟ್ರೇಲರನ್ನು ರಸ್ತೆಗೆ ಇಳಿಸಬಾರದು.

ಒಂದು ಸುತ್ತು ಉಳಿಸಲೆಂದು ಹೇರಿದ ಹೆಚ್ಚುವರಿ ಚೀಲಗಳು ಬೆಳೆಯ ಜೊತೆಗೆ ಜೀವವನ್ನೂ ಕಳೆಯಬಹುದು. ಆದುದರಿಂದ ಮಾಲೀಕರು ಮತ್ತು ಚಾಲಕರು ಸುಗ್ಗಿಗೆ ಮುನ್ನವೇ ಎರಡೂ ವಾಹನಗಳ ದಾಖಲೆಗಳನ್ನು ಹೋಲಿಸಿ ನೋಡಿಕೊಳ್ಳಲು ಕೋರಲಾಗಿದೆ.