ರಜಸ್ಸೂತಕ ನಿರಾಕರಣೆ ಮತ್ತು ಕನ್ಯೆಯರ ಆರೋಗ್ಯ

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳಿಗೆ ವೀರಶೈವ ಧರ್ಮದಲ್ಲಿ ಎಡೆಯಿಲ್ಲ. ಇವುಗಳಲ್ಲಿ ಹೆಣ್ಣಿನ ದಿನಚರಿಯನ್ನು ನೇರವಾಗಿ ಬಂಧಿಸಿದ್ದುದು ರಜಸ್ಸೂತಕ. ಧರ್ಮಶಾಸ್ತ್ರಗಳು ರಜಸ್ವಲೆಯನ್ನು ಮೂರು ದಿನ ಮುಟ್ಟಬಾರದವಳೆಂದು ವಿಧಿಸಿ, ಅಡಿಗೆ ಪೂಜೆಗಳಿಂದ ದೂರವಿರಿಸಿದ್ದುವು.

12ನೆಯ ಶತಮಾನದ ಶರಣರು ಈ ವಿಧಿಯನ್ನು ಒಪ್ಪಲಿಲ್ಲ. ಇದರ ಹಿಂದಿನ ತರ್ಕವು ಸರಳವಾದುದು. ಇಷ್ಟಲಿಂಗವನ್ನು ಧರಿಸಿದವಳು ಅದನ್ನು ಕ್ಷಣಮಾತ್ರವೂ ಅಗಲುವಂತಿಲ್ಲ. ತಿಂಗಳಿಗೆ ಮೂರು ದಿನ ಆಕೆಯ ಅಂಗ ಅಪವಿತ್ರವೆಂದರೆ, ಆ ದಿನಗಳಲ್ಲಿ ಲಿಂಗವಿರಬೇಕಾದುದೆಲ್ಲಿ? ಲಿಂಗಾರ್ಚನೆಯಲ್ಲಿ ನಿರತಳಾದವಳಿಗೆ ಋತುಸೂತಕವಿಲ್ಲವೆಂದು 'ಸಿದ್ಧಾಂತ ಶಿಖಾಮಣಿ'ಯೂ ಸಾರುತ್ತದೆ. ಮನುಷ್ಯರೆಲ್ಲರ ಪಿಂಡಕ್ಕೂ ಇದೇ ಮೂಲವೆಂದು ತೋರಿದ ಬಸವಣ್ಣನವರು ಅದರಿಂದಲೇ ಕುಲದ ಹೆಮ್ಮೆಯನ್ನೂ ಮುರಿದರು. ರಜಸ್ಸೂತಕ ಬಿದ್ದರೆ ಜಾತಿಸೂತಕವೂ ನಿಲ್ಲಲಾರದು.

ಆದರೆ ಶಾಸ್ತ್ರ ತೊರೆದುದನ್ನು ಸಂಪ್ರದಾಯ ಮರಳಿ ಹಿಡಿಯಿತು. ಲಿಂಗವಂತರ ಮನೆಗಳಲ್ಲಿಯೂ ಎಷ್ಟೋ ಕಡೆ 'ಹೊರಗಾದವಳು' ಎಂಬ ಮಾತು ಅಳಿದಿಲ್ಲ. ಈ ನಾಚಿಕೆಯ ಫಲವನ್ನು ಉಣ್ಣುವವರು ಹರೆಯದ ಹುಡುಗಿಯರು. ಬಟ್ಟೆಯನ್ನು ಯಾರಿಗೂ ಕಾಣದಂತೆ ಕತ್ತಲ ಮೂಲೆಯಲ್ಲಿ ಒಣಗಿಸಿದರೆ ತೇವವುಳಿದು ರೋಗಾಣುಗಳು ಬೆಳೆಯುತ್ತವೆ. ಸಾಬೂನಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಿದ ಅದೇ ಬಟ್ಟೆ ನಿರಪಾಯಕರ. ಕೇಡು ಇರುವುದು ರಕ್ತದಲ್ಲಲ್ಲ, ಮರೆಮಾಚುವುದರಲ್ಲಿ.

ವೈದ್ಯಶಾಸ್ತ್ರದ ಪ್ರಕಾರ ಋತುಸ್ರಾವವು ಗರ್ಭಾಶಯದ ಒಳಪೊರೆ ಕಳಚಿ ಬರುವ ಸಹಜ ಕ್ರಿಯೆ. ಸಾಮಾನ್ಯವಾಗಿ 2ರಿಂದ 7 ದಿನವಿರುತ್ತದೆ. ಬಟ್ಟೆಯನ್ನಾಗಲಿ ಪ್ಯಾಡನ್ನಾಗಲಿ 4ರಿಂದ 6 ಗಂಟೆಗೊಮ್ಮೆ ಬದಲಿಸಬೇಕು. ರಕ್ತ ಹೋಗುವ ಈ ವಯಸ್ಸಿನಲ್ಲಿ ಕಬ್ಬಿಣಾಂಶದ ಆಹಾರವೂ ಅವಶ್ಯಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದ್ದುದು ಕಂಡುಬಂದಿತು.

ಸರ್ಕಾರಗಳು ಈ ವಿಷಯಕ್ಕೆ ಕೈಹಾಕಿದ್ದು ತಡವಾಗಿ. ಗ್ರಾಮೀಣ ಹುಡುಗಿಯರಿಗೆ 6 ಪ್ಯಾಡುಗಳ ಪೊಟ್ಟಣವನ್ನು 6 ರೂಪಾಯಿಗೆ ಒದಗಿಸುವ ಕೇಂದ್ರ ಯೋಜನೆ 2011ರಲ್ಲಿ ಮೊದಲಾಯಿತು. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರು ಅಗ್ಗದ ಪ್ಯಾಡು ತಯಾರಿಸುವ ಯಂತ್ರವನ್ನು ರೂಪಿಸಿ, 2016ರಲ್ಲಿ ಪದ್ಮಶ್ರೀ ಪಡೆದರು. 2018ರ ಜುಲೈನಲ್ಲಿ ಪ್ಯಾಡುಗಳ ಮೇಲಿನ ಶೇ. 12ರ ತೆರಿಗೆ ರದ್ದಾಯಿತು. ಕರ್ನಾಟಕದ 'ಶುಚಿ' ಯೋಜನೆ ಶಾಲಾ ಬಾಲಕಿಯರಿಗೆ ಪ್ಯಾಡುಗಳನ್ನು ಉಚಿತವಾಗಿ ನೀಡಿ, ನಡುವೆ ನಿಂತುಹೋಗಿ, 2024ರಲ್ಲಿ ಮತ್ತೆ ಚಾಲನೆಗೊಂಡಿತು.

ಪ್ಯಾಡನ್ನು ಸರ್ಕಾರ ಕೊಡಬಹುದು. ಅಂಜಿಕೆಯನ್ನು ಕಳೆಯಬೇಕಾದುದು ಮನೆ. ರಜಸ್ಸೂತಕವಿಲ್ಲವೆಂದು ನಂಬುವ ಮನೆಯಲ್ಲಿ ತಾಯಿಯು ಮಗಳಿಗೆ ಮೊದಲ ಋತುವಿಗೆ ಮುನ್ನವೇ ಈ ತಿಳಿವನ್ನು ಹೇಳಬೇಕು. ಮಗಳ ಬಟ್ಟೆ ಅಂಗಳದ ಬಿಸಿಲನ್ನು ಕಾಣಬೇಕು. ಆಗಲೇ ಶರಣರ ನುಡಿಯು ನಡೆಯಾದೀತು.